ಕಾಲು ನಿಲ್ಲದ ಬಾಡಿಗೆಯವಳು

ನನಗಾಗ ಅರವತ್ತೊಂದು. ಏಳು ವರ್ಷದ ಹಿಂದಿನ ಮಾತು. ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದವಳಲ್ಲಿ ನಾನು ಮೊದಲು ನೋಡಿದ್ದು ಮುಖವನ್ನಲ್ಲ, ಬಲಗಾಲನ್ನು. ಬೆರಳು ನೆಲದ ಮೇಲೆ, ಹಿಮ್ಮಡಿ ಗಾಳಿಯಲ್ಲಿ. ಆ ಹಿಮ್ಮಡಿ ಸಿಮೆಂಟಿನ ನೆಲಕ್ಕೆ ಟಕಟಕ ಎಂದು ಬಡಿಯುತ್ತಲೇ ಇರುತ್ತಿತ್ತು. ಕೂತರೂ ಅಷ್ಟೇ, ನಿಂತರೂ ಅಷ್ಟೇ, ತಟ್ಟೆಯ ಮುಂದೆ ಊಟಕ್ಕೆ ಕೂತಾಗಲೂ ಅಷ್ಟೇ. ಒಡೆದ ಹಿಮ್ಮಡಿ, ಬಿರುಕಿನ ತುಂಬ ಕೆಮ್ಮಣ್ಣು, ಕಾಲುಂಗುರ ಇರಬೇಕಾದ ಬೆರಳಿನಲ್ಲಿ ಬರೀ ಬಿಳಿಯ ಗೆರೆ. ಗೆರೆ ನೋಡಿದೆ, ಕೇಳಲಿಲ್ಲ. ಮೊದಲ ದಿನವೇ ಎಲ್ಲ ಕೇಳಿಬಿಟ್ಟರೆ ಆಮೇಲೆ ಕೇಳುವುದಕ್ಕೆ ಏನಿರುತ್ತದೆ?

ಅವಳು ಬಾಣಾವರದವಳು. ಅಪ್ಪನದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ಮಠಕ್ಕೆ ನಡೆದುಕೊಳ್ಳುವ ಜನ. ವಯಸ್ಸು ನಲವತ್ತರ ಹತ್ತಿರ. ಇಷ್ಟು ಊರು ಬಿಟ್ಟು ನಮ್ಮ ಹಗರೆಗೆ ಯಾಕೆ ಬಂದೆ ಎಂದರೆ, ‘ಇಲ್ಲಿ ರಸ್ತೇಲೇ ಬಸ್ಸು ಸಿಗುತ್ತೆ ದೊಡ್ಡಮ್ಮ. ಎದ್ದು ಹೋಗ್ಬೇಕು ಅನ್ಸಿದ ತಕ್ಷಣ ಹೋಗ್ಬೋದು’ ಎಂದಳು. ಹೋಗುವುದಕ್ಕೆ ಅನುಕೂಲ ಎಂದು ಬಂದವಳನ್ನು ನಾನು ಕಂಡದ್ದು ಅವಳೊಬ್ಬಳನ್ನೇ.

ಮೊದಲು ‘ಅಜ್ಜಿ’ ಎಂದಿದ್ದಳು. ‘ನಿನಗೆ ಅಜ್ಜಿ ಆಗೋ ವಯಸ್ಸೇನೇ ನಂದು? ಎರಡು ಹಸ ಕರೀತೀನಿ ಇನ್ನೂ’ ಎಂದೆ. ಅವತ್ತಿನಿಂದ ದೊಡ್ಡಮ್ಮ ಆದೆ. ನಾನು ಅವಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಊರಿನವರಿಗೆ ಅವಳು ಮೇಡಮ್ಮು, ನನಗೆ ಬಾಡಿಗೆಯವಳು.

ಕೂತು ಟೀ ಕುಡಿದದ್ದನ್ನು ನಾನು ನೋಡಿಲ್ಲ. ಲೋಟ ಹಿಡಿದು ಬಾಗಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಾಗಿಲಿಗೆ ನಡೆಯುವಳು. ಅರ್ಧ ಕುಡಿದು ಎಲ್ಲೋ ಇಟ್ಟು ಮರೆಯುವಳು. ಹಿತ್ತಿಲ ಗೋಡೆಯ ಮೇಲೆ ಒಂದು ಲೋಟ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು. ಒಂದು ದಿನ ಹಸುವಿನ ಬಾನಿಯೊಳಗೆ ಸಿಕ್ಕಿತು. ‘ಹಸಕ್ಕೂ ಟೀ ಕೊಟ್ಟೆಯೇನೇ?’ ಎಂದರೆ, ‘ಒಂದ್ನಿಮಿಷ ದೊಡ್ಡಮ್ಮ, ತಲೇಲಿ ಏನೋ ಓಡ್ತಿದೆ’ ಎಂದು ಮತ್ತೆ ನಡೆಯುವಳು. ತಲೆಯಲ್ಲಿ ಓಡಿದರೆ ಕಾಲಿನಲ್ಲೂ ಓಡಬೇಕಾ? ಬೈದಿದ್ದೇನೆ, ಬಹಳ ಬೈದಿದ್ದೇನೆ. ಅವಳು ಬಂದ ಮೇಲೆ ನನಗೂ ಒಂದು ಕಡೆ ಕೂರಲಾಗದ ರೋಗ ಹತ್ತಿತು.

ಅವಳ ಕೆಲಸ ಕಂಪ್ಯೂಟರಿನದು. ದಿನವೆಲ್ಲ ಅದರ ಮುಂದೆ ಏನು ಮಾಡುತ್ತೀ ಎಂದು ಒಂದು ದಿನ ಕೇಳಿಯೇ ಬಿಟ್ಟೆ.

‘ವಿಳಾಸ ಮಾಡ್ತೀನಿ.’

‘ವಿಳಾಸ ಮಾಡಾದಾ? ಮನೆ ಇದ್ರೆ ವಿಳಾಸ ತಾನಾಗೇ ಇರ್ತೈತೆ.’

ಅವಳಿಗೆ ನಗು ಬಂತು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಇಂಟರ್‌ನೆಟ್ಟಿನಲ್ಲಿ ಒಂದೊಂದು ಪುಟಕ್ಕೂ ಒಂದೊಂದು ವಿಳಾಸ ಬೇಕಂತೆ. ಅವಳಿಗೆ ಕೆಲಸ ಕೊಟ್ಟವರದು ಬೇಲೂರಿಗೆ, ಹಳೇಬೀಡಿಗೆ ಬರುವವರಿಗೆ ರೂಮು ಗೊತ್ತು ಮಾಡಿಕೊಡುವ ವ್ಯವಹಾರ. ಯಾವ ಊರು, ಯಾವ ಲಾಡ್ಜು, ಯಾವ ದಿನ ಎಂದು ಎಲ್ಲಕ್ಕೂ ಬೇರೆ ಬೇರೆ ವಿಳಾಸ ಕೂತು ಬರೆಯಲು ಯಾರಿಂದ ಆಗುತ್ತದೆ? ಅದಕ್ಕೆ ಒಂದೇ ಒಂದು ಅಚ್ಚು ಬರೆದು, ನಡುವೆ ಜಾಗ ಬಿಡುತ್ತಾರೆ. ಬಂದವರು ಹೇಳಿದ್ದು ಆ ಜಾಗಕ್ಕೆ ಹೋಗಿ ಕೂರುತ್ತದೆ, ವಿಳಾಸ ಆಗುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು. ಬೋರ್ಡು ಓದುವಷ್ಟು ಬರುತ್ತದೆ. ಅಲ್ಲಿ ಇದ್ದ ಇಂಗ್ಲಿಷು ನನಗೆ ಹತ್ತಲಿಲ್ಲ. ಆದರೆ ಖಾಲಿ ಜಾಗದ ಎರಡು ಪಕ್ಕದಲ್ಲೂ ಒಡೆದ ಬಳೆ ಚೂರಿನಂಥ ಗುರುತು ಇದ್ದದ್ದು ಕಂಡಿತು.

‘ಈ ಬಳೆ ಚೂರಿನ ನಡುವೆ ತುಂಬಾದಾ?’

‘ಹೂಂ. ಅಲ್ಲಿಗೆ ಬೇಲೂರು ಬಂದ್ರೆ ಬೇಲೂರು, ಹಳೇಬೀಡು ಬಂದ್ರೆ ಹಳೇಬೀಡು.’

‘ತುಂಬೋಳು ನೀನೇನಾ?’

‘ಅಚ್ಚು ನಂದು. ತುಂಬೋದು ಲೈಬ್ರರಿ. ಯಾರೋ ಎಲ್ಲೋ ಕೂತು ಮಾಡಿಟ್ಟಿರ್ತಾರೆ, ನಾವು ತಂದು ಬಳಸ್ಕೋತೀವಿ.’

ಲೈಬ್ರರಿ ಎಂದರೆ ನನಗೆ ಗೊತ್ತಿದ್ದದ್ದು ಪಂಚಾಯ್ತಿ ಪಕ್ಕದಲ್ಲಿ ಗಂಡಸರು ಪೇಪರ್ ಓದುವ ರೂಮು. ಇದು ಅದಲ್ಲ. ಇದು ನಮ್ಮ ಬೀದಿಯ ಶಾವಿಗೆ ಒರಳಿನ ಹಾಗೆ. ಒರಳು ಯಾರದೋ, ಹಿಟ್ಟು ನಮ್ಮದು. ನಾವು ಹಾಕಿದ್ದನ್ನು ಅದು ತೂತಿನ ಅಳತೆಗೆ ಇಳಿಸಿಕೊಡುತ್ತದೆ. ಹೀಗೆಂದು ಹೇಳಿದೆ. ಅವಳು ಒಪ್ಪಿದಳು.

‘ನಮ್ಮ ಸೋಬಾನೆ ಪದಾನೂ ಹಂಗೇ ಕಣೇ’ ಎಂದೆ. ‘ಪದ ಒಂದೇ. ಹೆಣ್ಣಿನ ಹೆಸರಿಗೆ ಜಾಗ, ಗಂಡಿನ ಹೆಸರಿಗೆ ಜಾಗ, ಎರಡು ಊರಿಗೆ ಜಾಗ. ಯಾವ ಮದ್ವೆಗೆ ಹೋದ್ರೆ ಆ ಮದ್ವೆ ಹೆಸರು ತುಂಬ್ಕೊಂಡು ಹಾಡಾದು.’

ಅವಳು ಕುರ್ಚಿಯಿಂದ ಜಿಗಿದು ಎದ್ದಳು. ಬಾಗಿಲಿಗೆ ಹೋದಳು, ವಾಪಸ್ಸು ಬಂದಳು. ‘ದೊಡ್ಡಮ್ಮ, ಎಷ್ಟು ಜನ ಇದ್ದೀರಾ ಹಾಡೋರು?’ ಎಂದಳು. ಹಾಡುವವರ ಪದ ಫೋನಿಗೆ ತುಂಬಿಸಿಕೊಂಡು ಒಂದೊಂದಕ್ಕೂ ಇಂಟರ್‌ನೆಟ್ಟಿನಲ್ಲಿ ಒಂದೊಂದು ವಿಳಾಸ ಕೊಡುವುದು ಅವಳ ಲೆಕ್ಕ. ಅಲ್ಲಿಂದ ಶುರುವಾಯಿತು ನಮ್ಮ ತಿರುಗಾಟ.

ಹಾಡುವವಳು ಎಂದರೆ ನಮ್ಮಲ್ಲಿ ನನ್ನ ಓರಗಿತ್ತಿ, ಪುಟ್ಟಮ್ಮ. ಭಾವನ ಹೆಂಡತಿ, ಪಕ್ಕದ ಮನೆ, ನನಗೆ ಅಕ್ಕ. ಸೋಬಾನೆಯಲ್ಲಿ ಒಬ್ಬಳು ಎತ್ತಬೇಕು, ಇನ್ನೊಬ್ಬಳು ತಗೊಳ್ಳಬೇಕು. ಯಾರ ಮಗಳು ಹಸೆಗೆ ಬಂದಳು ಎಂದು ಅಕ್ಕ ಎತ್ತಿದರೆ, ಇಂಥವರ ಮಗಳು ಬಂದಳು ಎಂದು ನಾನು ತಗೊಳ್ಳಬೇಕು. ಮದುವೆಯಾಗಿ ಬಂದ ವರ್ಷದಿಂದ ನಾನು ತಗೊಳ್ಳುವವಳೇ. ಎತ್ತುವ ಗಂಟಲು ನನ್ನದಲ್ಲ ಎಂದು ಅಕ್ಕ ಅವತ್ತೇ ತೀರ್ಮಾನ ಕೊಟ್ಟಿದ್ದಳು.

ಮೊದಲ ದಿನ ಬಾಡಿಗೆಯವಳು ಫೋನು ಹಿಡಿದು ಅಕ್ಕನ ಜಗುಲಿಯಲ್ಲಿ ಕೂತಳು. ಅಕ್ಕ ಗಂಟಲು ಸರಿಮಾಡಿಕೊಂಡು ಎತ್ತಿದಳು. ಎರಡು ಸಾಲು ಆಗಿರಲಿಲ್ಲ, ನಿಲ್ಲಿಸಿದಳು.

‘ಏ ಹುಡುಗಿ, ಆ ಕಾಲು ನಿಲ್ಸೇ. ಮಗ್ಗ ನೇಯ್ತಿದ್ದೀಯಾ?’

ಮತ್ತೆ ಎತ್ತಿದಳು. ನನ್ನ ಬಾಯಲ್ಲಿ ಎಲೆ ಅಡಿಕೆ ಇತ್ತು, ತಗೊಳ್ಳುವುದು ತಡವಾಯಿತು. ‘ನೀನೇನೇ, ನಿದ್ದೆ ಮಾಡ್ತಿದ್ದೀಯಾ? ತಗೊಳ್ಳೇ!’ ಎಂದು ನನ್ನ ಮೇಲೆ ಬಿದ್ದಳು. ಅವತ್ತಿನದು ಹಾಡಿಗಿಂತ ಬೈಗುಳವೇ ಹೆಚ್ಚು. ಮನೆಗೆ ಬಂದ ಮೇಲೆ ಬಾಡಿಗೆಯವಳು, ‘ಇದು ಸುಮ್ನೆ ಪರೀಕ್ಷೆಗೆ ದೊಡ್ಡಮ್ಮ. ಅಚ್ಚು ಇನ್ನೂ ಮಾಡಿಲ್ಲ, ವಿಳಾಸ ಕೈಯಲ್ಲೇ ಬರೀತೀನಿ. ಏನಂತ ಇಡ್ಲಿ?’ ಎಂದಳು.

‘ಬೈಗುಳ ಅಂತ ಇಡು.’

ಒಂದೊಂದೇ ಅಕ್ಷರ ಒತ್ತಿ, ನನ್ನಿಂದ ಓದಿಸಿ, ಹಾಗೆಯೇ ಇಟ್ಟಳು. ವಿಳಾಸವನ್ನು ಬೇರೆಡೆ ಹಾಕಿದಾಗ ಕನ್ನಡ ಹೋಗಿ ಬರೀ ಶೇಕಡಾ ಗುರುತು, ಅಂಕಿ ಕಂಡವು. ‘ನನ್ ಬೈಗುಳ ಎಲ್ಲೋಯ್ತು?’ ಎಂದೆ. ‘ಒಳಗಡೆ ಹಾಗೆ ಕಾಣುತ್ತೆ, ಹೊರಗಡೆ ಬೈಗುಳನೇ’ ಎಂದಳು. ಆಮೇಲೆ ಇಬ್ಬರೂ ಅದನ್ನು ಮರೆತೆವು.

ಅಚ್ಚು ತಯಾರಾಯಿತು. ಮೂರು ಬಳೆ ಜಾಗ: ಊರು, ಗಂಡನ ಹೆಸರು, ಹೆಂಗಸಿನ ಹೆಸರು. ಗಂಡನ ಹೆಸರು ಯಾಕೆ ಎಂದರೆ ನಮ್ಮ ಊರಿನಲ್ಲಿ ಪುಟ್ಟಮ್ಮ ಒಬ್ಬಳೇ ಅಲ್ಲ. ಹಿಂದಿನ ಬೀದಿಯಲ್ಲಿ ಇನ್ನೊಬ್ಬಳು ಪುಟ್ಟಮ್ಮ ಇದ್ದಾಳೆ, ಅವಳೂ ಹಾಡುತ್ತಾಳೆ. ಗುರುತಿಗೆ ಏನಾದರೂ ಬೇಕಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಕೇಳುವ ಹೊತ್ತಿಗೆ ಕೆಟ್ಟಿತು. ಅಕ್ಕ ಗಂಡನ ಹೆಸರು ಹೇಳದೆ ಎಲೆಗೆ ಸುಣ್ಣ ಸವರುತ್ತ ಕೂತಳು, ಭಾವನ ಹೆಸರು ನಾನೂ ಹೇಳುವ ಹಾಗಿರಲಿಲ್ಲ. ಆ ದಿನ ಪದ ಮಾತ್ರ ಅಚ್ಚುಕಟ್ಟಾಗಿ ಬಂತು, ಒಂದು ಕೆಮ್ಮೂ ಇಲ್ಲ. ವಾರ ಬಿಟ್ಟು ಹಿಂದಿನ ಬೀದಿಯ ಪುಟ್ಟಮ್ಮನ ಮನೆಗೆ ಹೋದೆವು.

‘ಯಜಮಾನ್ರ ಹೆಸರು?’ ಎಂದು ಬಾಡಿಗೆಯವಳು ಕೇಳಿದರೆ ಪುಟ್ಟಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಳು. ‘ಅಯ್ಯೋ, ಅದ್ನೆಲ್ಲ ಹೇಳ್ತಾರಾ ಮೇಡಮ್ಮು? ಆಯಸ್ಸು ಕಮ್ಮಿ ಆಯ್ತದೆ.’

‘ಅವ್ರು ತೀರಿಕೊಂಡು ತುಂಬಾ ವರ್ಷ ಆಯ್ತಲ್ಲಮ್ಮ?’

‘ಆದ್ರೂ. ಅಲ್ಲೂ ಏನಾದ್ರೂ ಕಮ್ಮಿ ಆದ್ರೆ?’

ನಾನು ನಕ್ಕೆ. ಆದರೆ ನಾನೂ ಹೇಳಿಲ್ಲ, ಇವತ್ತಿಗೂ ಹೇಳುವುದಿಲ್ಲ. ಬೇಕಾದರೆ ಬೇರೆಯವರು ಹೇಳಬೇಕು, ನಾವು ತಲೆ ಆಡಿಸಬೇಕು. ಬಾಡಿಗೆಯವಳಿಗೆ ಅಷ್ಟು ಹೊತ್ತು ನಿಲ್ಲುವ ತಾಳ್ಮೆ ಎಲ್ಲಿಯದು? ‘ಆಮೇಲೆ ಯಾರನ್ನಾದ್ರೂ ಕೇಳಿ ತುಂಬ್ತೀನಿ’ ಎಂದು ಆ ಜಾಗ ಬಿಟ್ಟು ಹಾಡು ತುಂಬಿಸಿಕೊಂಡಳು.

ವಾಪಸ್ಸು ಬರುವಾಗ ಕೇಳಿದೆ. ‘ಖಾಲಿ ಬಿಟ್ರೆ ಏನಾಯ್ತದೆ?’

‘ಏನೂ ಆಗಲ್ಲ. ಆ ತುಂಡು ಇರಲೇ ಇಲ್ಲ ಅನ್ನೋ ಹಾಗೆ ಆಚೆ ಈಚೆ ಸೇರ್ಕೊಂಡು ವಿಳಾಸ ಆಗುತ್ತೆ. ಲೈಬ್ರರಿ ಅದಕ್ಕೆಲ್ಲ ತಕರಾರು ಮಾಡಲ್ಲ.’

‘ನಿನ್ ಗಂಡನ ಹೆಸ್ರೇನೇ?’

ಅವಳು ನಡೆಯುತ್ತಿದ್ದವಳು ನಿಂತಳು. ‘ಅದೂ ಖಾಲಿ ದೊಡ್ಡಮ್ಮ.’

‘ಸತ್ತೋದ್ನಾ?’

‘ಇಲ್ಲ. ಚೆನ್ನಾಗಿದಾನೆ.’

‘ಹಂಗಾದ್ರೆ ನೀನು ಚೆನ್ನಾಗಿರ್ಲಿಲ್ಲ.’

‘ಹೂಂ’ ಎಂದು ಮತ್ತೆ ನಡೆದಳು, ಮೊದಲಿಗಿಂತ ಜೋರಾಗಿ. ಆ ವಿಚಾರ ನಾವಿಬ್ಬರೂ ಆಡಿದ್ದು ಅಷ್ಟೇ.

ಆ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗಡೆ ಕೈಕಾಲು ಬಿತ್ತು, ಬಾಯಿ ಸೊಟ್ಟಗಾಯಿತು, ಮಾತು ಹೋಯಿತು. ಬುದ್ಧಿ ಪೂರ್ತಿ ಇತ್ತು, ಅದೇ ಕಷ್ಟ. ಊರನ್ನೆಲ್ಲ ಬಾಯಲ್ಲಿ ಆಳಿದವಳು ‘ಬಾ, ಬಾ’ ಎಂಬ ಒಂದೇ ಶಬ್ದದಲ್ಲಿ ನೀರು ಕೇಳಬೇಕು, ಹೊರಗೆ ಕೂರಿಸಿ ಎನ್ನಬೇಕು. ತಿಳಿಯದಿದ್ದರೆ ಎಡಗೈಯಲ್ಲಿ ಮಂಚ ಗುದ್ದುವಳು.

ಅವಳ ಮೊಮ್ಮಗಳ ಮದುವೆ ಅರಸೀಕೆರೆಯ ಛತ್ರದಲ್ಲಿ ಗೊತ್ತಾಗಿತ್ತು. ‘ಅಜ್ಜಿ ಪದ ಎತ್ತದೆ ನಾನು ಅರಿಶಿನಕ್ಕೆ ಕೂರಲ್ಲ’ ಎಂದು ಆ ಹುಡುಗಿ ಚಿಕ್ಕಂದಿನಿಂದ ಹೇಳಿಕೊಂಡು ಬಂದವಳು. ಅಕ್ಕನೂ ಕಾದಿದ್ದಳು. ಈಗ ಏನು ಮಾಡುವುದು? ‘ಫೋನಲ್ಲಿ ಅಜ್ಜಿ ಹಾಡು ಇದೆಯಲ್ಲ, ಅದನ್ನೇ ಹಾಕೋಣ’ ಎಂದಳು ಹುಡುಗಿ. ಅಕ್ಕನ ಮಂಚದ ಹತ್ತಿರ ಎಲ್ಲ ಸೇರಿದೆವು. ಅಕ್ಕನ ಕಣ್ಣು ಅರಳಿತು. ಅವಳ ದನಿ ಅವಳಲ್ಲಿ ಇಲ್ಲದಿದ್ದರೂ ಅಲ್ಲಿ ಇದೆಯಲ್ಲ, ಆ ಖುಷಿ.

ಹುಡುಗಿ ಒತ್ತಿದಳು. ಹಿಂದಿನ ಬೀದಿಯ ಪುಟ್ಟಮ್ಮ ಹಾಡಿದಳು.

ಮತ್ತೆ ಒತ್ತಿದಳು. ಮತ್ತೆ ಅವಳೇ. ಅಕ್ಕ ಒಂದು ಸಲ ನನ್ನನ್ನು ನೋಡಿದಳು, ಎಡಗೈ ಎತ್ತಿ ಮಂಚಕ್ಕೆ ಗುದ್ದಿದಳು, ಗುದ್ದುತ್ತಲೇ ಹೋದಳು. ಕೈ ಹಿಡಿದುಕೊಂಡರೂ ಬಿಡಿಸಿಕೊಂಡು ಗುದ್ದಿದಳು.

ನಾನು ಎದ್ದು ನೇರ ಬಾಡಿಗೆಯವಳ ಕೋಣೆಗೆ ಹೋದೆ. ‘ನಿನ್ ಒರಳು ನಮ್ಮಕ್ಕನ್ನ ನುಂಗ್ತಲ್ಲೇ!’ ಎಂದೆ. ಅವಳು ಕಂಪ್ಯೂಟರು ತೆಗೆದು ನೋಡಿದಳು. ಅಕ್ಕನದೂ ಗಂಡನ ಜಾಗ ಖಾಲಿ, ಇನ್ನೊಬ್ಬಳದೂ ಖಾಲಿ. ಆ ತುಂಡು ಬಿದ್ದುಹೋಗಿ ಇಬ್ಬರಿಗೂ ಉಳಿದದ್ದು ಹಗರೆ, ಪುಟ್ಟಮ್ಮ. ಒಂದೇ ವಿಳಾಸ. ವಾರ ಬಿಟ್ಟು ಬಂದ ಹಾಡು ಮೊದಲಿನದರ ಮೇಲೆ ಕೂತುಬಿಟ್ಟಿತ್ತು. ಕೆಳಗಿನದು ಅಳಿಸಿಹೋಗಿತ್ತು.

‘ಒರಳಿನ ತಪ್ಪಲ್ಲ’ ಎಂದಳು. ‘ಅದಕ್ಕೆ ಹೇಳಿದ್ದನ್ನ ಅದು ಮಾಡಿದೆ. ಖಾಲಿ ಬಿಟ್ಟೋಳು ನಾನು.’

ಅಳಲಿಲ್ಲ, ಸಬೂಬು ಹೇಳಲಿಲ್ಲ. ಅದೊಂದು ನನಗೆ ಮೆಚ್ಚಿಗೆಯಾಯಿತು, ಹೇಳಲಿಲ್ಲ. ತನ್ನ ಹಳೇ ಫೋನಿನಲ್ಲಿ ಮೂಲ ಹಾಡು ಇರಬಹುದು, ಅದನ್ನು ಅರಸೀಕೆರೆಯ ಅಂಗಡಿಯಲ್ಲಿ ಕೊಟ್ಟು ಹೊಸದು ತಗೊಂಡಿದ್ದೆ ಎಂದಳು. ಮದುವೆ ಆ ವಾರದಲ್ಲೇ. ಮರುದಿನ ಹಾಲು ಹಾಕಿ ಬಂದವಳೇ ಅವಳ ಜೊತೆ ಬಸ್ಸು ಹತ್ತಿದೆ. ‘ನೀವ್ಯಾಕೆ ದೊಡ್ಡಮ್ಮ?’ ಎಂದಳು. ‘ನಮ್ಮಕ್ಕನ ಕಣ್ಣಿನ ಮುಂದೆ ಕೂತ್ಕೊಳ್ಳೋಕೆ ಆಯ್ತಿಲ್ಲ, ಅದಕ್ಕೆ’ ಎಂದೆ.

ಹಳೇಬೀಡು ದಾಟಿತು, ಜಾವಗಲ್ ದಾಟಿತು. ಸೀಟು ಖಾಲಿಯಾದರೂ ಅವಳು ಕೂರಲಿಲ್ಲ. ಕಂಬಿ ಹಿಡಿದು ನಿಂತೇ ಬಂದಳು. ಕಂಡಕ್ಟರ್, ‘ಕೂತ್ಕೊಳ್ಳಿ ಮೇಡಂ, ನಿಂತ್ರೆ ಬಸ್ಸೇನು ಬೇಗ ಹೋಗಲ್ಲ’ ಎಂದ. ಬಸ್ಸೆಲ್ಲ ನಕ್ಕಿತು. ಅವಳಿಗೆ ಕೇಳಿಸಲೇ ಇಲ್ಲ.

ಫೋನಿನ ಅಂಗಡಿಯವನು ತಲೆ ಆಡಿಸಿದ. ‘ಎಲ್ಲ ಅಳ್ಸಿನೇ ಮಾರೋದು ಮೇಡಂ. ಆ ಫೋನು ಈಗ ಯಾರ ಜೇಬಲ್ಲಿದೆಯೋ.’

ಹೊರಗೆ ಬಂದೆವು. ಬಸ್ ಸ್ಟ್ಯಾಂಡಿನ ಪಕ್ಕ ಟೀ ಅಂಗಡಿ. ನಾನು ಬೆಂಚಿನ ಮೇಲೆ ಕೂತೆ. ಅವಳು ಬಿಸಿಲಿನಲ್ಲಿ ಅತ್ತಿತ್ತ ನಡೆದಳು. ಕೊಬ್ಬರಿ ಮೂಟೆ ಹೇರಿದ ಆಟೋದವನು ಹಾರನ್ ಹೊಡೆದು ಬೈದುಕೊಂಡು ಹೋದ. ನನಗೆ ತಡೆಯಲಾಗಲಿಲ್ಲ.

‘ಕೂತ್ಕೊಳ್ಳೇ ಒಂದ್ಕಡೆ! ಅಕ್ಕ ಅವತ್ತು ಬೈದಿದ್ದು ಸರಿಯಾಗೈತೆ, ಮಗ್ಗ ನೇಯೋಳು ನೀನು!’

ಅವಳು ನಿಂತಳು. ‘ಯಾವತ್ತು ಬೈದಿದ್ದು?’

‘ಮೊದಲ್ನೇ ದಿನ. ಹಾಡು ನಿಲ್ಸಿ ಬೈಲಿಲ್ವಾ ನಿನ್ ಕಾಲಿಗೆ?’

‘ಅದು ಅಚ್ಚಿಗೆ ಮೊದಲಿಂದು. ಕೈಯಲ್ಲಿ ಬರೆದಿದ್ದು. ಏನಂತ ಇಟ್ಟಿದ್ವಿ? ದೊಡ್ಡಮ್ಮ, ಏನಂತ ಇಟ್ಟಿದ್ವಿ?’

‘ಬೈಗುಳ ಅಂತ.’

ಅವಳು ಫೋನು ತೆಗೆದಳು. ಎರಡು ಸಲ ತಪ್ಪಾಗಿ ಒತ್ತಿದಳು. ಮೂರನೆಯ ಸಲಕ್ಕೆ ನಾನೇ ಬೈ ಎಂದೆ, ಗು ಎಂದೆ, ಳ ಎಂದೆ. ಆ ಟೀ ಅಂಗಡಿಯ ಮುಂದೆ, ಅಷ್ಟು ಗದ್ದಲದಲ್ಲಿ, ಅಕ್ಕ ಗಂಟಲು ಸರಿಮಾಡಿಕೊಂಡಳು. ‘ಏ ಹುಡುಗಿ, ಆ ಕಾಲು ನಿಲ್ಸೇ’ ಎಂದಳು. ಟೀ ಕೊಡುತ್ತಿದ್ದವನು ತಿರುಗಿ ನೋಡಿದ. ಬಾಡಿಗೆಯವಳು ನನ್ನ ಪಕ್ಕದಲ್ಲಿ ಕುಸಿದು ಕೂತಳು. ಅವಳು ಟೀಯನ್ನು ಕೂತು ಕುಡಿದದ್ದು ಆ ಒಂದು ದಿನ ಇರಬೇಕು. ನನ್ನ ಕಣ್ಣು ಮಸುಕಾಗಿತ್ತು, ಸರಿಯಾಗಿ ನೋಡಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಕೇಳಿದಳು. ‘ಗಂಡನ ಹೆಸರು ಬೇಡ. ಅದರ ಬದಲು ಏನ್ ಕೇಳ್ಲಿ ದೊಡ್ಡಮ್ಮ?’

‘ತವರೂರು ಕೇಳು’ ಎಂದೆ. ‘ಅದನ್ನ ಕೇಳಿದ್ರೆ ಸಾಕು ಅಂದ್ರೂ ನಿಲ್ಸಲ್ಲ. ಊರಿನ ಜೊತೆಗೆ ಬಾವಿ, ಮಾವಿನ ಮರ ಎಲ್ಲ ಹೇಳ್ತಾರೆ.’

ಅವಳು ಅಲ್ಲೇ, ನಿಂತುಕೊಂಡೇ, ಫೋನಿನಲ್ಲಿ ಏನೋ ಗುರುತು ಹಾಕಿಕೊಂಡಳು. ಆ ವಾರವೇ ಅಚ್ಚು ಬದಲಾಯಿತು. ಒಂದು ಜಾಗ ಖಾಲಿ ಇದ್ದರೂ ಮುಂದಕ್ಕೆ ಹೋಗದ ಹಾಗೆ ಕಟ್ಟು ಹಾಕಿದಳು. ಹಿಂದಿನ ಬೀದಿಯ ಪುಟ್ಟಮ್ಮ ಜಾವಗಲ್ಲಿನವಳು, ನಮ್ಮಕ್ಕ ಹಳೇಬೀಡಿನವಳು. ಇನ್ನು ಒಬ್ಬಳ ಮೇಲೆ ಒಬ್ಬಳು ಕೂರುವಂತಿಲ್ಲ.

‘ನಿಮ್ಮದು ಯಾವಾಗ ದೊಡ್ಡಮ್ಮ?’ ಎಂದೂ ಕೇಳಿದಳು.

‘ನಾನು ತಗೊಳ್ಳೋಳು, ಎತ್ತೋಳಲ್ಲ.’

‘ತಗೊಳ್ಳೋಳು ಎತ್ತಬಾರ್ದು ಅಂತ ಯಾರು ಹೇಳಿದ್ದು?’

‘ಅಕ್ಕ ಹೇಳಿದ್ದು.’

ಆದರೂ ಅವಳು ಬಿಡಲಿಲ್ಲ. ಅಲ್ಲಿಂದ ಮುಂದೆ ಸಿಕ್ಕಾಗೆಲ್ಲ ‘ನಿಮ್ಮದೊಂದು ಬಾಕಿ ಇದೆ’ ಎನ್ನುವಳು.

ಅರಸೀಕೆರೆಯ ಛತ್ರದಲ್ಲಿ ಮಧ್ಯಾಹ್ನ ಅರಿಶಿನದ ಶಾಸ್ತ್ರ. ಅಕ್ಕನನ್ನು ಕುರ್ಚಿಯ ಸಮೇತ ಎತ್ತಿ ತಂದು ಹಸೆಯ ಹತ್ತಿರ ಕೂರಿಸಿದರು. ಬಾಡಿಗೆಯವಳು ಫೋನನ್ನು ದೊಡ್ಡ ಸ್ಪೀಕರಿಗೆ ಹಾಕಿದಳು. ಪದ ಒಂದು ಸಾಲು ಬಂತು. ಆಮೇಲೆ ಛತ್ರಕ್ಕೆಲ್ಲ ಕೇಳುವ ಹಾಗೆ, ‘ಏ ಹುಡುಗಿ, ಆ ಕಾಲು ನಿಲ್ಸೇ. ಮಗ್ಗ ನೇಯ್ತಿದ್ದೀಯಾ?’ ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ನಮ್ಮ ಕಡೆಯವರು ಬಿದ್ದು ಬಿದ್ದು ನಕ್ಕರು. ಹಸೆಯ ಮೇಲಿದ್ದ ಹುಡುಗಿ ನಗುತ್ತ ಅಳುತ್ತ ಅರಿಶಿನವನ್ನೆಲ್ಲ ಮುಖಕ್ಕೆ ಬಳಿದುಕೊಂಡಳು. ಅಕ್ಕನ ಅರ್ಧ ಬಾಯಿ ನಕ್ಕಿತು. ಇನ್ನರ್ಧ ಬರದಿದ್ದರೂ ಆ ಅರ್ಧ ಸಾಕಾಗಿತ್ತು.

ಅಕ್ಕ ಮತ್ತೆ ಎತ್ತಿದಳು, ಸ್ಪೀಕರಿನಲ್ಲಿ. ಯಾರ ಮಗಳು ಹಸೆಗೆ ಬಂದಳು ಎಂದಳು. ನಾನು ತಗೊಳ್ಳುವ ಜಾಗ ಬಂತು. ಅಲ್ಲಿ ಬರೀ ಸದ್ದಿಲ್ಲದ ಖಾಲಿ. ಅವತ್ತು ನನ್ನ ಬಾಯಲ್ಲಿ ಎಲೆ ಅಡಿಕೆ ಇತ್ತಲ್ಲ. ಆ ಖಾಲಿಯೊಳಗೆ ಟಕ, ಟಕ, ಟಕ. ಬಾಡಿಗೆಯವಳ ಹಿಮ್ಮಡಿ. ಬೈಸಿಕೊಂಡರೂ ನಿಂತಿರಲಿಲ್ಲ, ಮೆಲ್ಲಗಾಗಿತ್ತು ಅಷ್ಟೇ. ‘ನೀನೇನೇ, ನಿದ್ದೆ ಮಾಡ್ತಿದ್ದೀಯಾ? ತಗೊಳ್ಳೇ!’ ಎಂದಳು ಅಕ್ಕ.

ಈ ಸಲ ತಗೊಂಡೆ. ಮದುಮಗಳ ಅಪ್ಪನ ಹೆಸರು, ಅವ್ವನ ಹೆಸರು, ಹಗರೆಯ ಹೆಸರು ತುಂಬಿ ಹಾಡಿದೆ. ಕುರ್ಚಿಯಲ್ಲಿದ್ದ ಅಕ್ಕ ಎಡಗೈಯನ್ನು ಎತ್ತಿದಳು. ಗುದ್ದುತ್ತಾಳೇನೋ ಎಂದುಕೊಂಡೆ. ತಾಳ ಹಾಕಿದಳು.

ಅಕ್ಕನ ಮೊಮ್ಮಗಳ ಮದುವೆಯಾಗಿ ಕೆಲವು ತಿಂಗಳಿಗೆ ಬಾಡಿಗೆಯವಳು ಕೋಣೆ ಖಾಲಿ ಮಾಡಿದಳು. ಯಾಕೆ ಎಂದು ಕೇಳಿದೆ. ‘ಇಲ್ಲಿ ಕೂತ್ಕೊಳ್ಳೋ ಅಭ್ಯಾಸ ಆಗ್ತಿದೆ ದೊಡ್ಡಮ್ಮ’ ಎಂದಳು. ಅದು ತಮಾಷೆಯೋ ನಿಜವೋ ನನಗೆ ತಿಳಿಯಲಿಲ್ಲ. ಬಸ್ಸು ಹೋದ ಮೇಲೆ ನೋಡಿದರೆ ಹಿತ್ತಿಲ ಗೋಡೆಯ ಮೇಲೆ ಅರ್ಧ ಟೀ ಇದ್ದ ಲೋಟ. ಆಮೇಲೆ ಬೇಲೂರಿನಲ್ಲಿ ಸ್ವಲ್ಪ ಕಾಲ ಇದ್ದಳು, ಅರಸೀಕೆರೆಯಲ್ಲಿ ಇದ್ದಳು, ಕೊನೆಗೆ ಬಾಣಾವರದ ತವರಿಗೇ ಹೋದಳು. ಆಗಾಗ ಫೋನು ಮಾಡುವಳು. ನಡೆಯುತ್ತಲೇ ಮಾಡುವಳು, ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ. ‘ಇವತ್ತು ಬಾಣಾವರದ ಕಡೆಯವರದು ನಾಲ್ಕು ಹಾಡು ಬಂತು ದೊಡ್ಡಮ್ಮ. ಎಲ್ಲರೂ ತವರೂರು ಹೇಳಿದ್ರು. ನಿಮ್ಮದೊಂದು ಬಾಕಿ.’

ಈ ವರ್ಷ ಬೇಸಗೆಯಲ್ಲಿ ಅವಳಿಗೆ ಜ್ವರ ಬಂತು. ಜ್ವರ ಎಂದು ಆಸ್ಪತ್ರೆಗೆ ಸೇರಿಸಿದವರು ಆಮೇಲೆ ಬೇರೇನೋ ಎಂದರು. ಹದಿನೈದು ದಿನವೂ ಉಳಿಯಲಿಲ್ಲ. ಅವಳ ಅಪ್ಪನೇ ಫೋನು ಮಾಡಿ, ‘ನಮ್ಮ ಮಗಳು ನಿಮ್ಮ ಹೆಸರು ಹೇಳ್ತಿದ್ಲು, ತಿಳಿಸ್ಬೇಕು ಅನ್ನಿಸ್ತು’ ಎಂದರು. ಮಗನ ಬೈಕಿನಲ್ಲಿ ಬಾಣಾವರಕ್ಕೆ ಹೋದೆ.

ಅವರಲ್ಲಿ ಮಣ್ಣು ಮಾಡುವವರೆಗೆ ಹೆಣವನ್ನು ಕೂರಿಸುತ್ತಾರೆ. ಪಡಸಾಲೆಯ ನಡುವೆ ಅವಳನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಬಂದವರೆಲ್ಲ ಮುಖ ನೋಡಿ ಅತ್ತರು. ನಾನು ಕಾಲು ನೋಡಿದೆ. ಮಡಿಸಿದ ಬಲಗಾಲು. ಆ ಕಾಲು ಅಷ್ಟು ಹೊತ್ತು ಒಂದೇ ಕಡೆ ಇದ್ದದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದು, ಅವರ ಮನೆಯ ಮುಂದೆ ಅತ್ತಿತ್ತ ನಡೆದೆ. ಯಾರೋ ಹೆಂಗಸು, ‘ಕೂತ್ಕೊಳ್ಳಿ ಅಮ್ಮ’ ಎಂದಳು. ‘ಆಗಲ್ಲ ಕಣವ್ವ’ ಎಂದೆ. ಮಣ್ಣು ಹಾಕುವವರೆಗೂ ನಡೆದೇ ಇದ್ದೆ. ಅಳಲಿಲ್ಲ. ಅಳುವುದಕ್ಕೆ ಅವಳ ಕಡೆಯವರೇ ಬೇಕಾದಷ್ಟು ಜನ ಇದ್ದರು.

ಮಾರನೇ ಬೆಳಿಗ್ಗೆ ಎದ್ದು ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದೆ. ಸೊಸೆಯ ಫೋನು ಇಸಕೊಂಡು ಅಕ್ಕನ ಮಂಚದ ಪಕ್ಕ ಕೂತೆ. ಬಾಡಿಗೆಯವಳ ಆ ಪುಟ ತೆರೆಯಿತು. ಮೂರು ಜಾಗ ಖಾಲಿ ಬಿದ್ದಿದ್ದವು. ಊರು ಎಂದಲ್ಲಿ ಹಗರೆ ಎಂದು ಒತ್ತಿದೆ. ತವರೂರು ಎಂದಲ್ಲಿ ಬಾಣಾವರ ಎಂದು ಒತ್ತಿದೆ. ಹೆಸರಿನ ಜಾಗದಲ್ಲಿ ಅವಳ ಹೆಸರು ಒತ್ತಿದೆ. ಆ ಹೆಸರನ್ನು ಇಲ್ಲಿ ಬರೆದಿಲ್ಲ, ಅಲ್ಲಿ ಇದೆ, ಬೇಕಾದವರು ಹೋಗಿ ನೋಡಬಹುದು. ಹಾಡು ತುಂಬಿಸಿಕೊಳ್ಳುವ ಕೆಂಪು ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು, ಯಾರ ಮಗಳು ಹಸೆಗೆ ಬಂದಳು ಎಂದು ನಾನೇ ಎತ್ತಿದೆ. ಅಕ್ಕ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು, ಬೇಡ ಎನ್ನಲಿಲ್ಲ. ತಗೊಳ್ಳುವ ಜಾಗ ಬಂತು. ತಗೊಳ್ಳುವವರು ಯಾರೂ ಇರಲಿಲ್ಲ. ಖಾಲಿ ಬಿಡಬಾರದೆಂದು ಬಲಗಾಲಿನ ಬೆರಳನ್ನು ನೆಲಕ್ಕೆ ಊರಿ, ಹಿಮ್ಮಡಿ ಎತ್ತಿ, ಸಿಮೆಂಟಿನ ಮೇಲೆ ಬಡಿದೆ.